ಟೀವಿಯವರು ಗೇ ಹುಡುಗರನ್ನು ಆಡಿಕೊಂಡರೆ ದೂರು ಬರೆಯೋದು ಹೇಗೆ?

ಕೇಬಲ್ ಹೋದರೆ ಬೈಗುಳ ನನಗೆ. ಧಾರಾವಾಹಿಯಲ್ಲಿ ಸೊಸೆಗೆ ಅನ್ಯಾಯವಾದರೂ ಬೈಗುಳ ನನಗೇ. ಕಲಬುರಗಿಯ ಬ್ರಹ್ಮಪುರ ಕಡೆ 19 ವರ್ಷದಿಂದ ಕೇಬಲ್ ನಡೆಸುತ್ತಿದ್ದೇನೆ, ರೂಢಿಯಾಗಿದೆ. ಆದರೆ ಒಂದು ಮಾತು ಮಾತ್ರ ನಾಟಿತು. ಊಟದ ಹೊತ್ತು. ಕಾಮಿಡಿ ಷೋದಲ್ಲಿ ಒಬ್ಬ ಗೇ ಹುಡುಗನನ್ನು ಸೊಂಟ ಕುಣಿಸುವ ರೋಗಿಯಂತೆ ತೋರಿಸಿದರು. ಅವ್ವ ನಕ್ಕಳು. ನನ್ನ ತಮ್ಮ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದ. ಆಮೇಲೆ ಮಾಳಿಗೆ ಮೇಲೆ ಹೇಳಿದ: “ಅಣ್ಣಾ, ಅದು ನಿನ್ನ ವೈರ್‌ನಾಗಿಂದೇ ಬಂತು ನೋಡು.”

ಅವನು ಗೇ ಅಂತ ಆಗ ನನಗೊಬ್ಬನಿಗೇ ಗೊತ್ತಿತ್ತು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದ.

ಮೊದಲು ತಿಳಿಯಬೇಕಾದದ್ದು ಇದೇ: ದೂರು ಕೊಡುವವರು ಗೇ ಅಥವಾ ಲೆಸ್ಬಿಯನ್ ಆಗಿರಬೇಕಿಲ್ಲ. ಅಣ್ಣ ಬರೆಯಬಹುದು, ಅಕ್ಕ ಬರೆಯಬಹುದು, ಪಕ್ಕದ ಮನೆಯವರೂ ಬರೆಯಬಹುದು. ‘ನೋಡುಗ’ ಅಂತ ಹಾಕಿದರೆ ಸಾಕು. ಮನೆಯಲ್ಲಿ ಹೇಳಿಕೊಳ್ಳದವರ ಹೆಸರನ್ನು ಪತ್ರಕ್ಕೆ ಎಳೆಯಲೇಬೇಡಿ.

ನನ್ನ ಮೊದಲ ಪತ್ರ ಎರಡು ಪುಟ. ಪೂರ್ತಿ ಸಿಟ್ಟು. ದಿನಾಂಕ ಇಲ್ಲ, ಸಮಯ ಇಲ್ಲ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದು ಸಾಲು ವಾಪಸ್ ಬಂತು. ಅವರದೂ ತಪ್ಪಲ್ಲ ಬಿಡಿ, ಹಿಡಿದುಕೊಳ್ಳೋಕೆ ನಾನು ಏನೂ ಕೊಟ್ಟಿರಲಿಲ್ಲ.

ಎರಡನೇ ಸಲ ಹೀಗೆ ಬರೆದೆ: ‘ಇಂಥ ದಿನ ರಾತ್ರಿ 9.42ಕ್ಕೆ, ಇಂಥ ಕಾರ್ಯಕ್ರಮದಲ್ಲಿ, ಈ ಮಾತು ಆಡಲಾಗಿದೆ.’ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಕೆಳಗೆ ನಿಯಮ. ಕೇಬಲ್ ಟೆಲಿವಿಷನ್ ನೆಟ್‌ವರ್ಕ್ಸ್ ರೂಲ್ಸ್, 1994ರ 6ನೇ ರೂಲ್ ಅಂದರೆ ಪ್ರೋಗ್ರಾಂ ಕೋಡ್. ಒಬ್ಬ ವ್ಯಕ್ತಿಯನ್ನಾಗಲಿ ಸಮಾಜದ ಒಂದು ಗುಂಪನ್ನಾಗಲಿ ಹೀಯಾಳಿಸುವ ಕಾರ್ಯಕ್ರಮ ಬೇಡ ಅಂತ ಅದರಲ್ಲಿದೆ. ನನ್ನಂಥ ಆಪರೇಟರ್‌ಗಳೂ ಇದಕ್ಕೆ ಕಟ್ಟುಬಿದ್ದವರೇ. ಓದಿದವರು ಎಷ್ಟು ಜನವೋ, ನಾನಂತೂ ಅಲ್ಲಿಯವರೆಗೆ ಓದಿರಲಿಲ್ಲ!

ಅದರ ಜೊತೆ ಸುಪ್ರೀಂ ಕೋರ್ಟ್ ತೀರ್ಪು ಸೇರಿಸಿ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ಒಂದೇ ಲಿಂಗದ ವಯಸ್ಕರಿಬ್ಬರ ಒಪ್ಪಿತ ಸಂಬಂಧ ಅಪರಾಧವಲ್ಲ ಅಂತ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ನ್ಯಾಯಮೂರ್ತಿ ನಾರಿಮನ್ ಬರೆದ ಭಾಗ ನಮಗೆ ಜಾಸ್ತಿ ಉಪಯೋಗ. ಈ ತೀರ್ಪನ್ನು ಟೀವಿ, ರೇಡಿಯೋ, ಪತ್ರಿಕೆಗಳಲ್ಲಿ ಆಗಾಗ ಪ್ರಚಾರ ಮಾಡಬೇಕು, ಈ ಜನರಿಗೆ ಅಂಟಿದ ಕಳಂಕ ಹೋಗಿಸಬೇಕು ಅಂತ ಕೇಂದ್ರ ಸರ್ಕಾರಕ್ಕೆ ಅದರಲ್ಲಿ ಹೇಳಿದ್ದಾರೆ. ಟೀವಿಯಿಂದಲೇ ಕಳಂಕ ಹೋಗಲಿ ಅಂದರು. ಇವರು ಟೀವಿಯಲ್ಲೇ ಹಚ್ಚುತ್ತಿದ್ದಾರೆ, ಅಲ್ವಾ?

ಉತ್ಸಾಹದಲ್ಲಿ ‘ಮದುವೆ ಹಕ್ಕೂ ಸಿಕ್ಕಿದೆ’ ಅಂತ ಬರೆದುಬಿಡಬೇಡಿ. 2023ರ ಅಕ್ಟೋಬರ್ 17ರಂದು ಅದಕ್ಕೆ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಂದು ತಪ್ಪು ಸಿಕ್ಕರೆ ವಾಹಿನಿಯ ವಕೀಲರು ಇಡೀ ಪತ್ರವನ್ನೇ ಪಕ್ಕಕ್ಕಿಡುತ್ತಾರೆ.

ಕೊನೆಗೆ ಏನು ಬೇಕು ಅಂತ ಕೇಳಿ. ಇಲ್ಲೇ ಜನ ಎಡವೋದು. ‘ಇಂಥದ್ದು ತೋರಿಸಬೇಡಿ’ ಅಂದರೆ ಅವರಿಗೂ ಹಗುರ, ಗೇ ಪಾತ್ರವನ್ನೇ ತೆಗೆದುಬಿಡುತ್ತಾರೆ. ತಮ್ಮನಿಗೆ ಬೇಕಿದ್ದು ಅದಲ್ಲ. ಧಾರಾವಾಹಿಯಲ್ಲಿ ಅಂಗಡಿ ನಡೆಸುವ, ಅವ್ವನ ಜೊತೆ ಜಗಳವಾಡುವ, ಬಸ್ ತಪ್ಪಿಸಿಕೊಳ್ಳುವ ಒಬ್ಬ ಗೇ ಹುಡುಗ ಬರಲಿ ಅನ್ನೋದು ಅವನಾಸೆ. ಹಾಗಾಗಿ ನಾನು ಕೇಳಿದ್ದು ಮೂರು: ಆ ತುಣುಕು ಮರುಪ್ರಸಾರವಾಗಬಾರದು, ಯೂಟ್ಯೂಬ್‌ನಿಂದ ತೆಗೆಯಬೇಕು, ‘ಸಲಿಂಗಿ’ ಅನ್ನಬೇಕು. ‘ಸಲಿಂಗಕಾಮಿ’ ಅಂದರೆ ಮನುಷ್ಯನಿಗಿಂತ ಮೊದಲು ಹಾಸಿಗೆಯೇ ಕಣ್ಣಿಗೆ ಬರುತ್ತದೆ, ಅದು ಅವನ ಮಾತು.

ಕಳಿಸೋದು ಸುಲಭ. ಆ ಕೇಬಲ್ ರೂಲ್ಸ್‌ಗೆ 2021ರ ತಿದ್ದುಪಡಿ ಬಂದ ಮೇಲೆ ಪ್ರತಿ ವಾಹಿನಿಗೂ ದೂರು ಅಧಿಕಾರಿ ಇರಬೇಕು. ವಿಳಾಸ ಅವರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ದೂರು ಮುಟ್ಟಿದೆ ಅಂತ 24 ಗಂಟೆಯಲ್ಲಿ ಹೇಳಬೇಕು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ವಾಹಿನಿ ಸದಸ್ಯನಾಗಿರುವ ಸ್ವನಿಯಂತ್ರಣ ಸಂಸ್ಥೆಗೆ, ಅಂದರೆ ವಾಹಿನಿಗಳೇ ಸೇರಿ ತಮ್ಮ ಮೇಲೆ ನಿಗಾ ಇಡಲು ಮಾಡಿಕೊಂಡ ಸಂಸ್ಥೆಗೆ, ಹೋಗಬಹುದು. ಮನರಂಜನೆಗೆ ಬಿಸಿಸಿಸಿ (ಬ್ರಾಡ್‌ಕಾಸ್ಟಿಂಗ್ ಕಂಟೆಂಟ್ ಕಂಪ್ಲೇಂಟ್ಸ್ ಕೌನ್ಸಿಲ್), ಸುದ್ದಿಗೆ ಎನ್‌ಬಿಡಿಎಸ್‌ಎ (ನ್ಯೂಸ್ ಬ್ರಾಡ್‌ಕಾಸ್ಟಿಂಗ್ ಅಂಡ್ ಡಿಜಿಟಲ್ ಸ್ಟ್ಯಾಂಡರ್ಡ್ಸ್ ಅಥಾರಿಟಿ) ಇವೆ. ಅದರ ಮೇಲೆ ಕೇಂದ್ರ ಸರ್ಕಾರ. ತಡ ಮಾಡಬೇಡಿ, ಒಂದು ವಾರದೊಳಗೇ ಬರೆಯಿರಿ. ಪ್ರಸಾರದ ದಾಖಲೆಯನ್ನು ವಾಹಿನಿ ಇಟ್ಟುಕೊಳ್ಳಬೇಕಾದದ್ದು 90 ದಿನ ಮಾತ್ರ.

ಊರಿನ ಕೇಬಲ್ ಚಾನೆಲ್‌ನಲ್ಲೇ ಹೀಗಾದರೆ ದಿಲ್ಲಿವರೆಗೆ ಹೋಗೋದು ಬೇಡ, ಜಿಲ್ಲಾಧಿಕಾರಿಗೇ ಅರ್ಜಿ ಕೊಡಿ. ಕೇಬಲ್ ಕಾಯ್ದೆಯಲ್ಲಿ ಆ ಅಧಿಕಾರ ಅವರಿಗಿದೆ.

‘ಇದರಿಂದೆಲ್ಲ ಏನಾಗ್ತದ?’ ಅಂತ ನನ್ನ ಲೈನ್‌ಮನ್ ಕೇಳಿದ. 2011ರಲ್ಲಿ ಹೈದರಾಬಾದ್‌ನ ಗೇ ಗಂಡಸರ ಮೇಲೆ ಗುಟ್ಟಾಗಿ ಸ್ಟಿಂಗ್ ಮಾಡಿದ ಸುದ್ದಿ ವಾಹಿನಿಯೊಂದಕ್ಕೆ ಆ ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆ 1 ಲಕ್ಷ ರೂಪಾಯಿ ದಂಡ ಹಾಕಿತ್ತು, ಪರದೆ ಮೇಲೆ ಕ್ಷಮೆ ಕೇಳಲೂ ಹೇಳಿತ್ತು. ನಮ್ಮ ಪತ್ರಕ್ಕೆ ಅಷ್ಟೆಲ್ಲ ಆಗಲಿಲ್ಲ. 11ನೇ ದಿನ ಉತ್ತರ ಬಂತು, ಯೂಟ್ಯೂಬ್ ತುಣುಕು ಹೋಯಿತು. ಪದದ ಬಗ್ಗೆ ಮಾತ್ರ ಚಕಾರವಿಲ್ಲ. ಅದಕ್ಕೆ ಮೇಲ್ಮನವಿ ಬರೆದೆ. ಈ ಸಲ ಕರಡು ತಿದ್ದಿದವನು ತಮ್ಮ. ನನ್ನ ಎರಡು ಪ್ಯಾರಾ ಹೊಡೆದು ಹಾಕಿ, ‘ಅಣ್ಣಾ, ಭಾಳ ಮಾತಾಡ್ತಿ’ ಅಂದ.