ಔಷಧಕ್ಕೆ ಮೊದಲು ಒಂದು ಹನಿ ರಕ್ತ

ಎರಡೂವರೆ ವರ್ಷದ ಹುಡುಗ, ತೂಕ 11 ಕೆ.ಜಿ. ಊರಿನಲ್ಲಿ ಎರಡು ತಿಂಗಳು ಕಫವೆಂದು ಔಷಧ ಕುಡಿಸಿದ್ದರು. ಎಕೋ ಮಾಡಿದರೆ ಹೃದಯದ ಎಡ ಕೆಳಕೋಣೆ ಹಿಗ್ಗಿಹೋಗಿತ್ತು, ಪ್ರತಿ ಬಡಿತಕ್ಕೆ ಅದು ಹೊರದೂಡುವ ರಕ್ತದ ಪಾಲು, ಅಂದರೆ ಇಎಫ್, ಶೇ 24. ಫ್ಯೂರೊಸೆಮೈಡ್, ಎನಲಾಪ್ರಿಲ್ ಶುರುಮಾಡಿದೆವು. ಇವು ಹೃದಯದ ಹೊರೆ ಇಳಿಸುತ್ತವೆ, ಅಷ್ಟೇ. ಸ್ನಾಯು ಯಾಕೆ ಸೋತಿತು ಎಂಬುದನ್ನು ನಾವೇ ಹುಡುಕಬೇಕು.

ಕ್ಯಾಲ್ಶಿಯಂ, ವಿಟಮಿನ್ ಡಿ ಸರಿಯಿದ್ದವು. (ಹಾಲು ಕುಡಿಯುವ ಕೂಸಾದರೆ ತಾಯಿಯ ಬಾಣಂತನದ ಪಥ್ಯವನ್ನೂ ವಿಚಾರಿಸುತ್ತೇನೆ, ಥಯಾಮಿನ್ (ವಿಟಮಿನ್ ಬಿ1) ಕೊರತೆಯಿಂದಲೂ ಹೃದಯ ಸೋಲುತ್ತದೆ.) ಈ ಹುಡುಗನ ಇಸಿಜಿಯಲ್ಲಿ ಟಿ ಅಲೆಗಳು ಎತ್ತರಕ್ಕೆ ಚೂಪಾಗಿದ್ದವು, ಲಿವರ್ ದೊಡ್ಡದಾಗಿತ್ತು, ತಂದೆ ತಾಯಿಯದು ಸೋದರ ಸಂಬಂಧದ ಮದುವೆ. ನನಗೆ ಕಾರ್ನಿಟಿನ್ ಕೊರತೆಯ ಅನುಮಾನ ಬಂತು. ಹೃದಯಕ್ಕೆ ಮುಖ್ಯ ಇಂಧನ ಕೊಬ್ಬು. ಅದನ್ನು ಜೀವಕೋಶದ ಶಕ್ತಿ ಕೇಂದ್ರವಾದ ಮೈಟೊಕಾಂಡ್ರಿಯದೊಳಕ್ಕೆ ದಾಟಿಸುವುದು ಕಾರ್ನಿಟಿನ್. ಎಸ್‌ಎಲ್‌ಸಿ22ಎ5 ಜೀನ್ ಕೆಟ್ಟಿದ್ದರೆ ಅದು ಜೀವಕೋಶದೊಳಗೆ ಹೋಗದೆ ಮೂತ್ರದಲ್ಲಿ ಸೋರಿಹೋಗುತ್ತದೆ.

ಅದಕ್ಕೂ ಹಿಂದೆ ಇನ್ನೊಂದು ಮಗುವಿನಲ್ಲಿ ನಾನು ತಪ್ಪು ಮಾಡಿದ್ದೆ. ಆತುರದಲ್ಲಿ ಕಾರ್ನಿಟಿನ್ ಸಿರಪ್ ಶುರುಮಾಡಿ, ಮೂರು ದಿನ ಬಿಟ್ಟು ರಕ್ತ ಕಳಿಸಿದೆ. ವರದಿ ನಾರ್ಮಲ್. ಕಾಯಿಲೆ ಇಲ್ಲವೋ, ಸಿರಪ್ಪೇ ಅದನ್ನು ಮರೆಮಾಚಿತೋ ಹೇಳಲಾಗದೆ, ಆ ತಾಯಿಯನ್ನು ಜೀನ್ ಪರೀಕ್ಷೆ ಬರುವತನಕ ಕಾಯಿಸಬೇಕಾಯಿತು. ಆ ದಿನಗಳು ಇನ್ನೂ ನನ್ನನ್ನು ಬಾಧಿಸುತ್ತವೆ.

ಈ ಸಲ ಮೊದಲು ರಕ್ತ. ಫಿಲ್ಟರ್ ಕಾಗದದ ಕಾರ್ಡಿನ ಪ್ರತಿ ವೃತ್ತಕ್ಕೂ ಒಂದೇ ದೊಡ್ಡ ಹನಿ. ಹಿಂಬದಿಯಲ್ಲೂ ಕಲೆ ಕಾಣುವಂತೆ ಇಂಗಬೇಕು, ಹನಿಯ ಮೇಲೆ ಹನಿ ಹಾಕಬಾರದು. ಬಿಸಿಲಿಗಿಡದೆ ಅಡ್ಡಲಾಗಿ ಮೂರು ನಾಲ್ಕು ಗಂಟೆ ಒಣಗಿಸಿದೆವು. ಕಾರ್ಡ್ ತುಂಬಿದ ಮರುಕ್ಷಣವೇ ಸಿರಪ್ ಕೊಟ್ಟೆವು, ವರದಿಗೆ ಕಾಯಲಿಲ್ಲ.

ದೇಹದ ಸಣ್ಣ ರಾಸಾಯನಿಕಗಳನ್ನು ಒಟ್ಟಾಗಿ ಅಳೆಯುವ ಮೆಟಬೊಲೊಮಿಕ್ಸ್ ನನ್ನ ವಾರ್ಡಿಗೆ ಬರುವುದು ಈ ಟಿಎಂಎಸ್ (ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೆಟ್ರಿ) ಕಾರ್ಡಿನ ರೂಪದಲ್ಲಿ. ಎಕೋದಲ್ಲಿ ಒಂದೇ ಥರ ಕಾಣುವ ಹೃದಯಗಳನ್ನು ಇದು ಬೇರೆಬೇರೆ ಮಾಡಿ ತೋರಿಸುತ್ತದೆ. ಕೊಬ್ಬಿನಾಮ್ಲ ಅಂಟಿಕೊಂಡ ಕಾರ್ನಿಟಿನ್, ಅಂದರೆ ಉದ್ದ ಸರಪಳಿಯ ಅಸೈಲ್‌ಕಾರ್ನಿಟಿನ್‌ಗಳು ಏರಿದ್ದರೆ ಮಗುವಿನ ಊಟದ ಕೊಬ್ಬನ್ನೇ ಬದಲಿಸಬೇಕು, ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬಿನ) ಎಣ್ಣೆ ಕೊಡಬೇಕು. ಇವನಿಗೆ ಅದಲ್ಲ. ಸಾಮಾನ್ಯವಾಗಿ ಲೀಟರಿಗೆ 20 ಮೈಕ್ರೊಮೋಲ್ ದಾಟಬೇಕಾದ ಮುಕ್ತ ಕಾರ್ನಿಟಿನ್ 3 ಇತ್ತು. ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು.

ಕೆ.ಜಿ.ಗೆ ದಿನಕ್ಕೆ ಸುಮಾರು 100 ಮಿ.ಗ್ರಾಂ. ಲೆಕ್ಕದಲ್ಲಿ, 3.5 ಎಂ.ಎಲ್. ಸಿರಪ್ ದಿನಕ್ಕೆ ಮೂರು ಸಲ. ಮೂರನೇ ತಿಂಗಳಿಗೆ ಇಎಫ್ 41, ವರ್ಷ ತುಂಬುವಾಗ 58. ನಡುವೆ ತಾಯಿ ಸಂಕೋಚದಿಂದ, "ಡಾಕ್ಟ್ರೇ, ಮಗೂ ಮೈಯೆಲ್ಲಾ ಮೀನಿನ ವಾಸನೆ" ಅಂದರು. ಕರುಳಿನ ಬ್ಯಾಕ್ಟೀರಿಯಾ ಕಾರ್ನಿಟಿನ್ ಒಡೆದಾಗ ಬರುವ ವಾಸನೆ ಅದು, ಅಪಾಯವಿಲ್ಲ, ಔಷಧ ಮಾತ್ರ ಬಿಡಬೇಡಿ ಎಂದು ವಿವರಿಸಿದೆ. ಅಜ್ಜಿಯನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಜ್ವರಕ್ಕೆ ಲಂಘನವೇ ಔಷಧ ಎಂದು ನಂಬಿದವರು ಅವರು. ಈ ಮಗುವಿಗೆ ಉಪವಾಸವೇ ಅಪಾಯ. ಪಿವಾಕ್ಸಿಲ್ ಇರುವ ಆಂಟಿಬಯಾಟಿಕ್ ಕಾರ್ನಿಟಿನ್ ಬರಿದು ಮಾಡುತ್ತದೆಂದು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟೆ.

ಎಂಟು ತಿಂಗಳ ತಂಗಿಯ ಹಿಮ್ಮಡಿಯಿಂದಲೂ ಕಾರ್ಡ್ ತುಂಬಿಸಿದ್ದೆವು. ಅವಳದು 4. ಎಕೋ ಪೂರ್ತಿ ಸರಿಯಿತ್ತು. ಅವಳಿಗೂ ಅಂದೇ ಸಿರಪ್ ಶುರುವಾಯಿತು.