ನಿಂತಾಗ ಬಿಸಿಯೋ, ಓಡುವಾಗ ಬಿಸಿಯೋ

ನನ್ನ ಬಳಿ ಇರುವುದು 1967ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಬ್ಲಾಕ್ (ಸಿಲಿಂಡರುಗಳಿರುವ ಮುಖ್ಯ ಭಾಗ) ಮತ್ತು ಹೆಡ್ (ಅದರ ಮೇಲೆ ಕೂರುವ ಭಾಗ) ಎರಡೂ ಎರಕದ ಕಬ್ಬಿಣದವು. ಹತ್ತಿರದ ಓಡಾಟದಲ್ಲಿ ಯಾವ ತಕರಾರನ್ನೂ ಮಾಡದ ಈ ಕಾರು, ಹೆದ್ದಾರಿಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿದೊಡನೆ ತಾಪಮಾನದ ಮುಳ್ಳನ್ನು ಮೆಲ್ಲನೆ 100 ಡಿಗ್ರಿಯತ್ತ ಒಯ್ಯುತ್ತಿತ್ತು. ಏರು ರಸ್ತೆ ಎದುರಾದರೆ ಅದನ್ನೂ ದಾಟುತ್ತಿತ್ತು. ಆಗ ನಾನು ಮಾಡಿದ ಮೊದಲ ಕೆಲಸವೆಂದರೆ, ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರಿನ ಮುಂದೆ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ್ದು. ಅದರಿಂದ ಒಂದು ಡಿಗ್ರಿಯೂ ಇಳಿಯಲಿಲ್ಲ.

ಇಳಿಯಬೇಕಾದ ಕಾರಣವೂ ಇರಲಿಲ್ಲ. ಎಂಜಿನ್ ನಿಂತಲ್ಲೇ ಬಿಸಿಯೇರಿ, ಓಡಲಾರಂಭಿಸಿದ ಮೇಲೆ ತಣಿಯುವುದಾದರೆ ಕೊರತೆ ಗಾಳಿಯದು. ಫ್ಯಾನ್, ಫ್ಯಾನ್ ಬೆಲ್ಟ್, ರೇಡಿಯೇಟರಿನ ಸುತ್ತಲಿನ ಸಂದುಗಳು ಇವನ್ನು ನೋಡಬೇಕು. ನಿಂತಾಗ ಸರಿಯಿದ್ದು ವೇಗದಲ್ಲಿ ಬಿಸಿಯೇರುವುದಾದರೆ, ಎದುರುಗಾಳಿ ಧಾರಾಳವಾಗಿ ಸಿಗುತ್ತಿರುವಾಗ ಫ್ಯಾನಿಗೆ ಅಲ್ಲಿ ಕೆಲಸವೇ ಇಲ್ಲ. ನೀರಿನ ಹರಿವು, ರೇಡಿಯೇಟರಿನ ಒಳಗಿನ ಸ್ಥಿತಿ, ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಗಳಿಗೆ), ಇಂಧನದ ಮಿಶ್ರಣ ಇವುಗಳಲ್ಲಿ ಎಲ್ಲೋ ದೋಷವಿದೆ. ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದ್ದರೆ ಫ್ಯಾನಿನ ಖರ್ಚು ಉಳಿಯುತ್ತಿತ್ತು.

ಮುಳ್ಳು ನಿಜ ಹೇಳುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. ಗೇಜಿನ ಸಂವೇದಕವನ್ನು ಹೆಡ್‌ನಿಂದ ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿದಾಗ ಅದು ನಾಲ್ಕು ಡಿಗ್ರಿ ಹೆಚ್ಚು ತೋರಿಸಿತು. ಅಂದರೆ ಸುಳ್ಳು ಸಣ್ಣದು, ಕಾಯಿಲೆ ನಿಜದ್ದು. ಬಳಿಕ ಬಿಸಿ ಎಂಜಿನ್ನನ್ನು ಚಾಲೂ ಇಟ್ಟು, ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರಿನ ಮೈಮೇಲೆ ಅಡ್ಡಡ್ಡವಾಗಿ ಆಡಿಸಿದೆ. (ಹೊಳೆಯುವ ಲೋಹದ ಮೇಲೆ ಈ ಉಪಕರಣ ತಪ್ಪು ಅಂಕಿ ಕೊಡುತ್ತದೆ, ಮಾಸಲು ಕಪ್ಪು ಬಣ್ಣವಿರುವ ಕಡೆಯೇ ಅಳೆಯಬೇಕು.) ನೀರು ಮೇಲಿನಿಂದ ಕೆಳಕ್ಕೆ ಇಳಿಯುವ ಆ ರೇಡಿಯೇಟರಿನಲ್ಲಿ ಎರಡು ಕಡೆ ಉದ್ದನೆಯ ತಣ್ಣನೆ ಪಟ್ಟಿಗಳು ಸಿಕ್ಕವು. ಆ ಕೊಳವೆಗಳಲ್ಲಿ ನೀರು ಹರಿಯುತ್ತಲೇ ಇರಲಿಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಬ್ಲಾಕಿನ ಹಿಂಭಾಗದಲ್ಲಿತ್ತು. ಎಂಜಿನ್ ತಣ್ಣಗಾದ ಮೇಲೆ ಅಲ್ಲಿನ ನೀರು ಬಸಿಯುವ ನಲ್ಲಿಯನ್ನು ಪೂರ್ತಿ ತಿರುಗಿಸಿದರೂ ಒಂದು ಹನಿ ಬರಲಿಲ್ಲ. ನಲ್ಲಿಯನ್ನೇ ಕಳಚಿ ಗಟ್ಟಿ ತಂತಿಯಿಂದ ತಿವಿದೆ. ಮೊದಲು ತುಕ್ಕಿನ ಚೂರುಗಳು ಉದುರಿದವು. ಆಮೇಲೆ ಒದ್ದೆ ಕಾಫಿ ಪುಡಿಯಂತಹ ಕಂದು ಗಸಿ ಮುದ್ದೆಮುದ್ದೆಯಾಗಿ ಜಾರಿತು. ಇನ್ನಷ್ಟು ತಿವಿದ ನಂತರವೇ ನೀರು ಚಿಮ್ಮಿತು. ವಾಟರ್ ಪಂಪ್ ಮುಂದಿರುವುದರಿಂದ ಹರಿವು ಮಂದವಾಗುವ ಹಿಂದಿನ ಮೂಲೆಯಲ್ಲಿ, ಅಂದರೆ ನಾಲ್ಕನೆಯ ಸಿಲಿಂಡರಿನ ಸುತ್ತ, ಈ ಗಸಿ ಕೂರುತ್ತದೆ. ಇದು ಕಾರಿನ ತಪ್ಪಲ್ಲ, ವರ್ಷಾನುಗಟ್ಟಲೆ ಬರೀ ನೀರು ತುಂಬಿದವರ ತಪ್ಪು. ಅವರಲ್ಲಿ ನಾನೂ ಒಬ್ಬ. ಥರ್ಮೋಸ್ಟ್ಯಾಟಿನ (ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರಿನತ್ತ ದಾರಿ ತೆರೆಯುವ ಕವಾಟ) ಬಾಯಿಯಿಂದ ಪೈಪು ಹಿಡಿದು, ಹೊರಬರುವ ನೀರು ತಿಳಿಯಾಗುವವರೆಗೆ ಎರಡು ದಿನ ಬಿಟ್ಟುಬಿಟ್ಟು ತೊಳೆದೆ. ರೇಡಿಯೇಟರಿಗೆ ಹೊಸ ಕೋರ್, ಅಂದರೆ ಕೊಳವೆಗಳಿರುವ ಒಳಭಾಗ, ಹಾಕಿಸಿದೆ.

ಮುಳ್ಳು ಕೆಳಗಿಳಿಯಿತು, ಆದರೆ ಏರು ರಸ್ತೆಗೆ ಮೊದಲು, ಸಮತಟ್ಟಾದ ದಾರಿಯಲ್ಲೇ ತುಸು ಹೆಚ್ಚೇ ಇರುತ್ತಿತ್ತು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ, ಎಂಜಿನ್ನಿನ ಹೀರುವಿಕೆಯ ಬಲದಿಂದ ಕಿಡಿಯನ್ನು ತುಸು ಮೊದಲೇ ಹೊತ್ತಿಸುವ ಭಾಗ ವ್ಯಾಕ್ಯೂಮ್ ಅಡ್ವಾನ್ಸ್. ಅದರ ಕೊಳವೆಯನ್ನು ಬಾಯಿಂದ ಹೀರಿ ನೋಡಿದಾಗ ಗಾಳಿ ಯಾವ ತಡೆಯೂ ಇಲ್ಲದೆ ಬಂತು. ಒಳಗಿನ ಪೊರೆ ಹರಿದಿತ್ತು. ಕಿಡಿ ತಡವಾಗಿ ಹೊತ್ತಿದರೆ ಇಂಧನ ಉರಿಯುವುದೂ ತಡವಾಗಿ, ಕೆಲಸಕ್ಕೆ ಒದಗಬೇಕಾದ ಶಾಖ ಎಕ್ಸಾಸ್ಟ್ ವಾಲ್ವಿನ ಸುತ್ತಲಿನ ನೀರಿಗೆ ಸೇರುತ್ತದೆ. ತಂಪಿನ ವ್ಯವಸ್ಥೆಯನ್ನೇ ಹುಡುಕುತ್ತಾ ಕೂತವರಿಗೆ ಇದು ಕಣ್ಣಿಗೆ ಬೀಳುವುದು ಕಷ್ಟ. ಆ ಭಾಗ ಬದಲಾಯಿಸಿದ ಮೇಲೆ ಮುಳ್ಳು 85ರ ಆಸುಪಾಸಿನಲ್ಲಿ ನೆಲೆನಿಂತಿತು.

ಥರ್ಮೋಸ್ಟ್ಯಾಟನ್ನು ಕಿತ್ತೆಸೆಯಿರಿ ಎಂಬ ಸಲಹೆ ಹಲವರಿಂದ ಬಂದಿತ್ತು, ನಾನು ಒಪ್ಪಲಿಲ್ಲ. ಅದಿಲ್ಲದ ಎಂಜಿನ್ ಬಹಳ ಹೊತ್ತು ತಣ್ಣಗೇ ಓಡಿ ಬೇಗ ಸವೆಯುತ್ತದೆ. ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ, 82 ಡಿಗ್ರಿಗೆ ಬಾಯಿ ತೆರೆಯುವುದನ್ನು ನೋಡಿ ಹೊಸದನ್ನು ಹಾಕಿದೆ. ರೇಡಿಯೇಟರಿನ ಮುಚ್ಚಳವನ್ನೂ ಬದಲಿಸಿದೆ: 10 ಪಿಎಸ್‌ಐ (ಚದರ ಇಂಚಿಗೆ 10 ಪೌಂಡ್) ಒತ್ತಡ ಹಿಡಿಯುವ ಮುಚ್ಚಳವಿದ್ದರೆ ನೀರಿನ ಕುದಿಬಿಂದು ಸುಮಾರು 115 ಡಿಗ್ರಿಗೆ ಏರುತ್ತದೆ, ಸ್ಪ್ರಿಂಗ್ ಸೋತ ಮುಚ್ಚಳದಲ್ಲಿ ಆ ಲಾಭವಿಲ್ಲ. ಬಿಸಿಯಿರುವಾಗ ಅದನ್ನು ತೆಗೆಯಲೇಬಾರದು. ಈಗ ತುಂಬುವುದು ಒಂದು ಪಾಲು ಎಥಿಲಿನ್ ಗ್ಲೈಕಾಲ್ ಕೂಲೆಂಟ್, ಎರಡು ಪಾಲು ಬಟ್ಟಿಯಿಳಿಸಿದ ನೀರು. ಶಾಖ ಹೊರುವುದರಲ್ಲಿ ನೀರೇ ಮೇಲು, ತುಕ್ಕು ತಡೆಯಲು ಕೂಲೆಂಟ್ ಬೇಕು. ಅದು ವಿಷ, ರುಚಿಯಲ್ಲಿ ಸಿಹಿ. ಬಸಿದದ್ದನ್ನು ನಾಯಿ, ಬೆಕ್ಕುಗಳಿಗೆ ಸಿಗುವಂತೆ ಬಿಡಬಾರದು.

ಈಗಲೂ ದೂರ ಓಡಿಸಿ ಬಂದು ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಮತ್ತೆ ಕೀಲಿ ತಿರುಗಿಸಿದರೆ ಮುಳ್ಳು ಐದಾರು ಡಿಗ್ರಿ ಮೇಲಿರುತ್ತದೆ. ಪಂಪ್ ನಿಂತಾಗ ಕಬ್ಬಿಣದಲ್ಲಿದ್ದ ಶಾಖ ನಿಂತ ನೀರಿಗೆ ಇಳಿಯುವುದರಿಂದ ಹಾಗಾಗುತ್ತದೆ. ಎಂಜಿನ್ ಚಾಲೂ ಆದ ನಿಮಿಷದೊಳಗೆ ಅದು ತಾನಾಗಿ ಇಳಿಯುತ್ತದೆ.