ಹತ್ತು ನಿಮಿಷದ ಸೆಮಿನಾರ್: ಮಾತು ಮೊದಲು, ಸ್ಲೈಡ್ ಆಮೇಲೆ

ಕಾಲೇಜು ಸೆಮಿನಾರ್‌ಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ವಿಷಯ ಗೊತ್ತಿರುವ ಮಕ್ಕಳೇ ಎಡವುತ್ತಾರೆ. ರಾತ್ರಿಯೆಲ್ಲ ಕೂತು ಸ್ಲೈಡ್ ಮಾಡಿರುತ್ತಾರೆ, ಒಂದು ಸಲವೂ ಬಾಯಿಬಿಟ್ಟು ಹೇಳಿ ನೋಡಿರುವುದಿಲ್ಲ. ಕೊನೆಗೆ ನಮಗೆ ಬೆನ್ನು ತೋರಿಸಿ ಪರದೆ ಓದುತ್ತಾರೆ. ಓದೋಕೆ ನಮಗೂ ಬರುತ್ತದೆ, ಅಲ್ವಾ?

ಹಂತ 1: ವಿಷಯ ಚಿಕ್ಕದು ಮಾಡಿ

'ಕರ್ನಾಟಕದ ನೀರಾವರಿ' ಹತ್ತು ನಿಮಿಷಕ್ಕೆ ಮುಗಿಯುವ ಮಾತಲ್ಲ. 'ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು' ಅಂದರೆ ಮುಗಿಯುತ್ತದೆ. (ಕೆ.ಸಿ. ವ್ಯಾಲಿ ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ; ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಗೂ ಇದೇ ಹೆಸರು.)

ಹಂತ 2: ಮೊದಲ ಎರಡು ವಾಕ್ಯ

'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ನನ್ನ ನೆಚ್ಚಿನ ಗುರುವೃಂದದವರೇ, ಸಹಪಾಠಿ ಮಿತ್ರರೇ...' ಇದರಲ್ಲೇ ಅರ್ಧ ನಿಮಿಷ ಹೋಯಿತು. 'ಎಲ್ಲರಿಗೂ ನಮಸ್ಕಾರ' ಸಾಕು. ಆಮೇಲೆ 'ನೀರು ಜೀವಜಲ' ಅಂತ ಶುರು ಮಾಡಿದರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಬದಲಿಗೆ ಹೀಗೆ ಹೇಳಿ ನೋಡಿ: 'ಬೆಂಗಳೂರಿನಲ್ಲಿ ನಾವು ಬಚ್ಚಲಿಗೆ ಬಿಟ್ಟ ನೀರು 2018ರಿಂದ ಕೋಲಾರದ ಕೆರೆ ಸೇರುತ್ತಿದೆ. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲಿ ಇನ್ನೂ ಜಗಳ ನಿಂತಿಲ್ಲ.' ಈಗ ತಲೆ ಎತ್ತುತ್ತಾರೆ.

ಅಂಕಿಗಳಿಗೂ ಇದೇ ಮಾತು. ಈ ಯೋಜನೆಯ ಮೊದಲ ಹಂತದ ಗುರಿ 440 ಎಂಎಲ್‌ಡಿ (ದಿನಕ್ಕೆ ಇಷ್ಟು ದಶಲಕ್ಷ ಲೀಟರ್) ಅಂದರೆ ಯಾರ ತಲೆಗೂ ಹೋಗುವುದಿಲ್ಲ. ದಿನಕ್ಕೆ 44 ಕೋಟಿ ಲೀಟರ್ ಅನ್ನಿ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 73 ಸಾವಿರ ಟ್ಯಾಂಕರ್ ಅನ್ನಿ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ತಕ್ಷಣ ಅರ್ಥವಾಗುತ್ತದೆ. ಇಂಥ ಅಂಕಿ ಎರಡು ಸಾಕು.

ಹಂತ 3: ಬಾಯಿಬಿಟ್ಟು ಹೇಳಿ

ಎಲ್ಲರೂ ಹಾರಿಸುವ ಹಂತ ಇದೇ. ಮನಸ್ಸಿನಲ್ಲಿ ಹೇಳಿಕೊಂಡರೆ ಲೆಕ್ಕಕ್ಕಿಲ್ಲ, ಅಲ್ಲಿ ಯಾರೂ ತೊದಲುವುದಿಲ್ಲ. ಎದ್ದು ನಿಲ್ಲಿ. ಬಾಗಿಲು ಹಾಕಿಕೊಳ್ಳಿ. ಮೊಬೈಲಿನಲ್ಲಿ ಟೈಮರ್ ಇಟ್ಟು, ರೆಕಾರ್ಡಿಂಗ್ ಒತ್ತಿ, ಗಟ್ಟಿಯಾಗಿ ಹೇಳಿ. ಮೊದಲ ಸಲ ಹದಿನೈದು ನಿಮಿಷ ಆದರೆ ಗಾಬರಿ ಬೇಡ. ಬೇಗ ಬೇಗ ಮಾತಾಡಿ ಸಮಯ ಉಳಿಸಲು ಹೋಗಬೇಡಿ, ಒಂದು ಭಾಗವನ್ನೇ ಕಿತ್ತುಹಾಕಿ. ಎಂಟೂವರೆ ನಿಮಿಷಕ್ಕೆ ತನ್ನಿ. ಮೈಕ್ ಸರಿಮಾಡೋದು, ಸ್ಲೈಡ್ ಹುಡುಕೋದು ಇವಕ್ಕೆ ಉಳಿದದ್ದು ಹೋಗುತ್ತದೆ.

ಆಮೇಲೆ ರೆಕಾರ್ಡಿಂಗ್ ಕೇಳಿ. ನಿಮ್ಮ ದನಿ ನಿಮಗೇ ಮುಜುಗರ, ಆದರೂ ಕೇಳಿ. 'ಸೋ', 'ಅದೇನಂದ್ರೆ', 'ಆ್ಯಕ್ಚುಲಿ' ಎಲ್ಲಿ ಬರುತ್ತವೆ ಗಮನಿಸಿ. ಒಂದು ಮಾತಿನಿಂದ ಇನ್ನೊಂದಕ್ಕೆ ದಾಟುವ ದಾರಿ ಗೊತ್ತಿಲ್ಲದ ಕಡೆ ಅವು ಜಾಸ್ತಿ. 'ನೀರೇನೋ ಬಂತು, ಆದರೆ ಎಂಥ ನೀರು?' ಅಂತ ಒಂದು ಸೇತುವೆ ವಾಕ್ಯ ಹಾಕಿ, ಆ ತೊದಲು ತಾನಾಗಿ ಹೋಗುತ್ತದೆ. ಪೂರ್ತಿ ಬಾಯಿಪಾಠ ಮಾತ್ರ ಮಾಡಬೇಡಿ. ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತೀರಿ. ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ, ಈ ಸೇತುವೆಗಳು, ಇಷ್ಟು ಬಾಯಿಗೆ ಬಂದರೆ ಆಯಿತು. ಉಳಿದದ್ದು ಅಂಗೈಯಗಲದ ಚೀಟಿಯಲ್ಲಿರಲಿ.

ಹಂತ 4: ಸ್ಲೈಡ್

ಆರು ಸಾಕು. ನಕ್ಷೆ, ಫೋಟೋ, ಒಂದೆರಡು ಅಂಕಿ. ಹೂಬಳ್ಳಿಯ ರೆಡಿಮೇಡ್ ಟೆಂಪ್ಲೇಟ್, ತಿರುಗುತ್ತಾ ಬರುವ ಅಕ್ಷರ ಬೇಡವೇ ಬೇಡ. 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಹಾಕಿಡಿ. ಫುಟ್‌ಪಾತಿನ ಅಗ್ಗದ ಲೇಸರ್ ಪಾಯಿಂಟರ್ ಕೊಳ್ಳಲೇಬೇಡಿ. ಕೈ ಎಷ್ಟು ನಡುಗುತ್ತಿದೆ ಅಂತ ಕೆಂಪು ಚುಕ್ಕೆ ಇಡೀ ಕೋಣೆಗೆ ಹೇಳುತ್ತದೆ. ಬೆರಳು ತೋರಿಸಿದರಾಯಿತು.

ಹಂತ 5: ಆ ದಿನ

ಸ್ವಲ್ಪ ಬೇಗ ಹೋಗಿ, ಕೇಬಲ್ ಹಾಕಿ ನೋಡಿ. ಪವರ್‌ಪಾಯಿಂಟ್ ಸ್ಲೈಡ್ ಶೋನಲ್ಲಿ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ. ಮುಖ್ಯವಾದ ಮಾತು ಹೇಳುವಾಗ ಒತ್ತಿ, ಎಲ್ಲರ ಕಣ್ಣೂ ನಿಮ್ಮ ಕಡೆ ಬರುತ್ತದೆ.

ಬರಬಹುದಾದ ಪ್ರಶ್ನೆಗಳಿಗೂ ಸಿದ್ಧರಾಗಿ. ಕೆ.ಸಿ. ವ್ಯಾಲಿ ಅಂದಮೇಲೆ 'ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಅಂತರ್ಜಲಕ್ಕೆ ಸೇರಿದರೆ ಪರವಾಗಿಲ್ಲವೇ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ 'ಸರ್, ಅದನ್ನು ನಾನು ನೋಡಿಲ್ಲ, ನೋಡಿ ಹೇಳ್ತೀನಿ' ಅನ್ನಿ. ಸುಮ್ನೆ ಸುತ್ತಿ ಬಳಸಿ ಹೇಳಿದರೆ ಇನ್ನೆರಡು ಪ್ರಶ್ನೆ ಬೀಳುತ್ತವೆ. ಇನ್ನೊಂದು, ಗುಲಾಬಿ ಹೂವಿನ 'ಥ್ಯಾಂಕ್ ಯೂ' ಸ್ಲೈಡ್ ತೆಗೆದುಬಿಡಿ. ಪ್ರಶ್ನೆ ಮುಗಿಯುವವರೆಗೂ ಕೆರೆಗಳ ನಕ್ಷೆ ಪರದೆಯ ಮೇಲಿರಲಿ, ಕೇಳುವವರಿಗೆ ಬೆರಳು ಮಾಡಿ ತೋರಿಸಲು ಬೇಕಾಗುತ್ತದೆ.